ಸ್ಕಾಟ್ಲೆಂಡಿನ ಹುಡುಗನೂ ಫ್ರಿಸ್ಕೋದ ಅಪ್ಪಂದಿರೂ

ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ನನಗೆ ಫೋನ್ ಮಾಡುತ್ತಾರೆ. ಯಾವ ಫಾರ್ಮೇಶನ್ ಒಳ್ಳೆಯದು, ವಾರಕ್ಕೆ ಎಷ್ಟು ಸಲ ಓಡಿಸಬೇಕು, ತಲೆಯಲ್ಲಿ ಚೆಂಡು ಹೊಡೆಯುವುದನ್ನು ಯಾವ ವಯಸ್ಸಿಗೆ ಕಲಿಸಬಹುದು ಎಂದೆಲ್ಲ ಕೇಳುತ್ತಾರೆ. ಅದೆಲ್ಲ ಈಗ ಫೋನಿನಲ್ಲೇ ಸಿಗುತ್ತದೆ. ಅವರು ಕೇಳಬೇಕಾದದ್ದು ಅಪ್ಪಂದಿರ ಬಗ್ಗೆ. ಮಡಚುವ ಕುರ್ಚಿ, ಐಸ್ ಡಬ್ಬ, ಟ್ರೈಪಾಡ್ ಸಮೇತ ಗೆರೆಯ ಪಕ್ಕ ಬಂದು ಕೂರುವ ಆ ಜನರ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಕೆಲಸದ ಬಹುಪಾಲು ಅವರೇ ಆಗಿದ್ದರು. ನಿವೃತ್ತನಾಗಿ ಬರೆಯಲು ಕೂತರೆ ಇಲ್ಲಿಯೂ ಅವರೇ ಮೊದಲು ಬಂದು ಕುರ್ಚಿ ಹಾಕಿದ್ದಾರೆ.

ನಾನು ಬೆಂಗಳೂರಿನ ಆಸ್ಟಿನ್ ಟೌನ್‌ನವನು. ಟೆಕ್ಸಸ್‌ನ ಆಸ್ಟಿನ್‌ಗೆ ಬಂದು ನಿವೃತ್ತನಾದೆ ಎಂದರೆ ಜನ ನಗುತ್ತಾರೆ. ನಗಲಿ, ನಡುವೆ ಹ್ಯೂಸ್ಟನ್, ಡಲ್ಲಾಸ್ ಎರಡೂ ಇವೆ. ಊರಿನಲ್ಲಿ ಒಂದು ಕಾರ್ಖಾನೆಯಲ್ಲಿ ಹಗಲು ಲೇತ್ ಯಂತ್ರದ ಮುಂದೆ ನಿಲ್ಲುತ್ತಿದ್ದೆ, ಸಂಜೆ ಅದೇ ಕಾರ್ಖಾನೆಯ ತಂಡಕ್ಕೆ ರೈಟ್ ಬ್ಯಾಕ್ ಆಡುತ್ತಿದ್ದೆ. ಹೆಂಡತಿ ಗ್ರೇಸಿಗೆ ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು, ನಾನು ಅವಳ ಹಿಂದೆ ಬಂದೆ. ಕನ್ನಡದವರ ಮನೆಗೆ ಊಟಕ್ಕೆ ಹೋದರೆ "ನೀವು ಯಾವ ಕಂಪನಿ ಸರ್?" ಎಂದು ಕೇಳುತ್ತಿದ್ದರು. ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ ಎಂದರೆ ತಲೆಯಾಡಿಸಿ, "ಅದು ಸರಿ, ಕೆಲಸ ಏನು ಮಾಡ್ತೀರಿ?" ಎನ್ನುತ್ತಿದ್ದರು. ಮೊದಲ ಕೆಲವು ವರ್ಷ ಇದಕ್ಕೆ ಉತ್ತರ ಹುಡುಕಿದೆ. ಆಮೇಲೆ ಅನ್ನಕ್ಕೆ ಸಾರು ಹಾಕಿಸಿಕೊಳ್ಳುವುದರಲ್ಲಿ ಗಮನ ಇಟ್ಟೆ.

ಹ್ಯೂಸ್ಟನ್ನಿನ ಕ್ಲಬ್ಬಿನಲ್ಲಿ ನನ್ನ ಮೇಲಧಿಕಾರಿ ಒಬ್ಬ ಸ್ಕಾಟ್ಲೆಂಡಿನ ಮುದುಕ. ಎಲ್ಲರೂ ಮ್ಯಾಕ್ ಎನ್ನುತ್ತಿದ್ದರು. ಆಗಸ್ಟ್ ತಿಂಗಳಲ್ಲಿ, ನೆರಳಿನಲ್ಲಿ ನಿಂತರೂ ಬೆವರು ಹರಿಯುವ ಆ ಊರಿನಲ್ಲಿ, ಮೊಣಕಾಲಿನವರೆಗೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬರುತ್ತಿದ್ದರು. ಯಾರ ಮಾತನ್ನೂ ಕೇಳುತ್ತಿರಲಿಲ್ಲ. ನಾನು ಬಂದ ಹೊಸತರಲ್ಲಿ ಕಾರ್ಖಾನೆಯ ಕೋಚ್ ಮಾಡಿಸುತ್ತಿದ್ದಂತೆ ಮಕ್ಕಳನ್ನು ಮೈದಾನದ ಸುತ್ತ ಓಡಿಸಿದೆ. ಮ್ಯಾಕ್ ನನ್ನನ್ನು ಪಕ್ಕಕ್ಕೆ ಕರೆದು, ಚೆಂಡಿಲ್ಲದೆ ಓಡಿಸುವುದಾದರೆ ಹೋಗಿ ಕುದುರೆಗಳಿಗೆ ಕಲಿಸು ಎಂದರು. ಅಂದಿನಿಂದ ನಾನು ಕಲಿಸಿದ ಯಾವ ಮಗುವೂ ಕಾಲಲ್ಲಿ ಚೆಂಡಿಲ್ಲದೆ ಓಡಿಲ್ಲ. ಹೊಸಬರು ಈ ಬರಹದಿಂದ ಒಂದೇ ಒಂದು ವಿಷಯ ಕಲಿಯುವುದಾದರೆ ಅದನ್ನು ಕಲಿಯಲಿ.

ಮ್ಯಾಕ್ ಅವರಲ್ಲಿ ತಡೆಯಲಾಗದ ಒಂದು ಚಾಳಿ ಇತ್ತು. ಪ್ರತಿ ಸೀಸನ್ನಿನ ಮೊದಲ ದಿನ ಮಕ್ಕಳನ್ನು ಹುಲ್ಲಿನ ಮೇಲೆ ಕೂರಿಸಿ, ತಾವು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಒಂದೇ ಕಥೆ ಹೇಳುತ್ತಿದ್ದರು. ನೂರು ವರ್ಷಕ್ಕೂ ಹಿಂದೆ, ಅವರ ನಾಡಿನ ಸಮುದ್ರದ ಪಕ್ಕದ ಒಂದು ಸಣ್ಣ ಊರಿನಲ್ಲಿ, ಇನ್ನೂ ಮೀಸೆ ಸರಿಯಾಗಿ ಬರದ ಹುಡುಗನೊಬ್ಬ ಒಂದೇ ಪಂದ್ಯದಲ್ಲಿ ಡಜನ್ ಮೇಲೊಂದು ಗೋಲು ಹೊಡೆದ. ಆ ಕಾಲದಲ್ಲಿ ಗೋಲಿಗೆ ಬಲೆ ಇರಲಿಲ್ಲ. ಹೊಡೆದ ಚೆಂಡು ಎಲ್ಲೆಲ್ಲಿಗೋ ಉರುಳಿ ಹೋಗುತ್ತಿತ್ತು, ಯಾರಾದರೂ ಓಡಿ ತರಬೇಕಿತ್ತು. ಇಷ್ಟು ಮಾತ್ರ ಪ್ರತಿ ವರ್ಷವೂ ಒಂದೇ. ಮಿಕ್ಕಿದ್ದೆಲ್ಲ ಬದಲಾಗುತ್ತಿತ್ತು. ಒಂದು ವರ್ಷ ಆ ಹುಡುಗ ಹಾಯಿಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ, ಮರುವರ್ಷ ಮೀನು ಮಾರುತ್ತಿದ್ದ. ಒಂದು ವರ್ಷ ಮಳೆ, ಇನ್ನೊಂದು ವರ್ಷ ಗಾಳಿ. ಎದುರಿನ ತಂಡದವರು ನಿಜಕ್ಕೂ ಕ್ರಿಕೆಟ್ ಆಡುವವರು, ಯಾರದೋ ತಪ್ಪಿನಿಂದ ಫುಟ್‌ಬಾಲ್ ಪಂದ್ಯಕ್ಕೆ ಕರೆ ಹೋಗಿ ಬಂದಿದ್ದರು ಎಂದು ಕೂಡ ಸೇರಿಸುತ್ತಿದ್ದರು. ಇದು ಮಕ್ಕಳನ್ನು ನಗಿಸಲು ಕಟ್ಟಿದ್ದು ಎಂದೇ ನಾನು ತಿಳಿದಿದ್ದೆ. ಯಾವ ದಡ್ಡರು ಕ್ರಿಕೆಟ್ ಎಂದುಕೊಂಡು ಫುಟ್‌ಬಾಲ್ ಮೈದಾನಕ್ಕೆ ಬರುತ್ತಾರೆ?

ಕಥೆಯ ಕೊನೆಗೆ ಮ್ಯಾಕ್ ಹೇಳುತ್ತಿದ್ದದ್ದು ಇಷ್ಟು. ಆ ಹುಡುಗ ತನ್ನ ಊರಿಗೇ ಆಡಿದ, ದೇಶದ ತಂಡಕ್ಕೆ ಅವನನ್ನು ಯಾರೂ ಕರೆಯಲಿಲ್ಲ. ಆಮೇಲೆ ಜೀವನಪೂರ್ತಿ ಎದುರಿಗೆ ಸಿಕ್ಕವರೆಲ್ಲ ಆ ಒಂದು ಪಂದ್ಯದ ಬಗ್ಗೆ ಮಾತ್ರ ಕೇಳಿದರು. ಆದರೆ ಪಂದ್ಯ ಮುಗಿದ ಮುಂದಿನ ವಾರ ಅವನು ಎಲ್ಲರಂತೆ ಅಭ್ಯಾಸಕ್ಕೆ ಬಂದ, ಅದನ್ನು ನೆನಪಿಡಿ ಎನ್ನುತ್ತಿದ್ದರು. ಮಕ್ಕಳು ಅದನ್ನು ಬಿಟ್ಟು ಗೋಲಿನ ಲೆಕ್ಕ ಮಾತ್ರ ನೆನಪಿಡುತ್ತಿದ್ದವು.

ಗ್ರೇಸಿಯ ಕೆಲಸ ಡಲ್ಲಾಸ್ ಕಡೆಗೆ ಬದಲಾದಾಗ ನಾವು ಇರ್ವಿಂಗ್‌ಗೆ ಶಿಫ್ಟ್ ಆದೆವು. ಅಲ್ಲೇ ಹತ್ತಿರದ ಫ್ರಿಸ್ಕೋದ ಕ್ಲಬ್ಬಿನಲ್ಲಿ ಹುಡುಗಿಯರ ತಂಡ ನನಗೆ ಬಂತು. ಅಲ್ಲಿನ ಮಕ್ಕಳಲ್ಲಿ ಅರ್ಧದಷ್ಟು ನಮ್ಮವರೇ. ಆಟದ ವಿಧಾನ ಅಷ್ಟರಲ್ಲಿ ಬದಲಾಗಿಹೋಗಿತ್ತು. ಮಕ್ಕಳು ಎಷ್ಟು ದೂರ ಓಡಿದರು ಎಂದು ತಿಳಿಯಲು ಬೆನ್ನಿಗೆ ಯಂತ್ರ ಕಟ್ಟುವ ಬನಿಯನ್ ಬಂದಿತ್ತು. ಸೋಮವಾರ ಬೆಳಿಗ್ಗೆ ಫೋನ್ ತೆರೆದರೆ ಅಪ್ಪಂದಿರ ವಿಡಿಯೋಗಳು ಸಾಲಾಗಿ ಕಾದಿರುತ್ತಿದ್ದವು. ಮಗಳ ತಪ್ಪು ಪಾಸನ್ನು ನಿಧಾನಗತಿಯಲ್ಲಿ ತೋರಿಸಿ, ಕೆಂಪು ಬಾಣ ಹಾಕಿ, ಕೆಳಗೆ ಪ್ರಶ್ನೆ ಬರೆದಿರುತ್ತಿದ್ದರು. ಆಫೀಸಿನಲ್ಲಿ ಇವರ ತಪ್ಪಿಗೂ ಯಾರಾದರೂ ಹೀಗೆ ಬಾಣ ಹಾಕುತ್ತಾರೆಯೇ ಎಂದು ಕೇಳಬೇಕೆನಿಸುತ್ತಿತ್ತು. ಕೇಳಲಿಲ್ಲ, ಕ್ಲಬ್ಬಿನವರು ಪೋಷಕರನ್ನು ಗ್ರಾಹಕರು ಎಂದು ಕರೆಯಲು ಶುರು ಮಾಡಿದ್ದರು.

ಪಂದ್ಯದ ವೇಳೆ ಅವರ ಕೂಗಾಟ ಇನ್ನೂ ಕಷ್ಟ. ಬೇರೆ ಕೋಚ್‌ಗಳು ಪೋಷಕರ ಬಾಯಿ ಮುಚ್ಚಿಸಲು ಕಡ್ಡಿ ಮಿಠಾಯಿ ಹಂಚುವುದುಂಟು. ಅದು ನಮ್ಮವರ ಮೇಲೆ ನಡೆಯಲಿಲ್ಲ, ಮಿಠಾಯಿಯನ್ನು ದವಡೆಗೆ ಸರಿಸಿ ಕೂಗುತ್ತಿದ್ದರು. ಗ್ರೇಸಿ ಉಪಾಯ ಹೇಳಿದಳು. ಇರ್ವಿಂಗ್‌ನ ಅಂಗಡಿಯಿಂದ ಕೋಡುಬಳೆ ತಂದು ಡಬ್ಬದಲ್ಲಿ ತುಂಬಿ ಗೆರೆಯ ಪಕ್ಕ ಕೈಯಿಂದ ಕೈಗೆ ದಾಟಿಸಿದೆ. ಬಾಯಿ ತುಂಬ ಕೋಡುಬಳೆ ಇರುವಾಗ ಕೂಗಲು ಹೋದರೆ ಪುಡಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನನ್ನ ವೃತ್ತಿಯಲ್ಲಿ ನಾನು ಕಂಡುಹಿಡಿದದ್ದು ಇದೊಂದೇ, ಅದೂ ಹೆಂಡತಿಯ ಬುದ್ಧಿ.

ಆ ತಂಡದಲ್ಲಿ ಅನಘಾ ಇದ್ದಳು. ಹದಿನೈದರ ಹುಡುಗಿ, ಮೈಸೂರು ಕಡೆಯವರ ಮಗಳು. ಚೆಂಡು ಅವಳ ಕಾಲಿಗೆ ಬಂದರೆ ಮಿಕ್ಕವರು ನಿಂತು ನೋಡುತ್ತಿದ್ದರು. ನಾನು ಕಲಿಸಿದ ಮಕ್ಕಳಲ್ಲಿ ಅವಳಂಥವಳು ಮತ್ತೊಬ್ಬಳಿಲ್ಲ. ಅವಳ ಅಪ್ಪ ಹರೀಶ್ ಸಾಫ್ಟ್‌ವೇರ್ ಮ್ಯಾನೇಜರ್. ಕೆಟ್ಟ ಮನುಷ್ಯ ಎಂದು ಯಾರೂ ಹೇಳಲಾರರು, ಮಗಳಿಗಾಗಿ ದಿನಕ್ಕೆ ಎರಡು ಸಲ ಮೈದಾನಕ್ಕೆ ಡ್ರೈವ್ ಮಾಡುತ್ತಿದ್ದರು. ಆದರೆ ಅವರ ಕಣ್ಣಿಗೆ ಆಟ ಕಾಣುತ್ತಿರಲಿಲ್ಲ, ಕಾಲೇಜಿನ ಅಪ್ಲಿಕೇಶನ್ ಕಾಣುತ್ತಿತ್ತು. ಒಂದು ಭಾನುವಾರ ಇರ್ವಿಂಗ್‌ನ ಅಂಗಡಿಯ ಪಾರ್ಕಿಂಗ್‌ನಲ್ಲಿ ಸಿಕ್ಕಿ, ಸೋನಾ ಮಸೂರಿ ಚೀಲವನ್ನು ಕಾರಿಗೆ ಹಾಕುತ್ತ ವಿಷಯ ತೆಗೆದರು.

"ಕೋಚ್ ಅಂಕಲ್, ಈ ವರ್ಷಕ್ಕೆ ಫುಟ್‌ಬಾಲ್ ಸಾಕು ಅಂತಿದೀನಿ. ಮುಂದಿನ ವರ್ಷ ಎಸ್‌ಎಟಿ ಎಕ್ಸಾಮ್ ಇದೆ. ಸುಮ್ನೆ ಆಡ್ತಾಳೆ ಅಂದ್ರೆ ಯಾವ ಕಾಲೇಜ್ ಕೇಳುತ್ತೆ?"

"ಆಡ್ಲಿ ಬಿಡಿ ಹರೀಶ್. ಅವಳಿಗೆ ಅದು ಉಸಿರು."

"ಉಸಿರು ಎಲ್ಲರೂ ಆಡ್ತಾರೆ ಅಂಕಲ್. ಏನಾದ್ರೂ ಸ್ಪೆಷಲ್ ಮಾಡಿ ತೋರಿಸ್ಲಿ, ಕಂಟಿನ್ಯೂ ಮಾಡ್ಲಿ. ಅವಳಿಗೂ ಹೇಳಿದೀನಿ."

ಆ ಸೀಸನ್ನಿನ ಮೊದಲ ದಿನ ನಾನೂ, ಮ್ಯಾಕ್ ಅವರ ಗಾಳಿ ತಾಗಿ, ಮಕ್ಕಳಿಗೆ ಆ ಸ್ಕಾಟ್ಲೆಂಡಿನ ಹುಡುಗನ ಕಥೆ ಹೇಳಿದ್ದೆ. ಹರೀಶ್ ಟ್ರೈಪಾಡ್ ಹಿಂದೆ ನಿಂತು ಕೇಳಿದ್ದರು. ಕಥೆ ಮುಗಿದಾಗ ಅವರಿಗೆ ಇದ್ದದ್ದು ಒಂದೇ ಪ್ರಶ್ನೆ: "ಎಷ್ಟು ಗೋಲ್ ಅಂದ್ರಿ?"

ಮುಂದಿನದನ್ನು ನಮ್ಮ ಜನ ಮಾತ್ರ ಮಾಡಬಲ್ಲರು. ದೀಪಾವಳಿ ಹೊತ್ತಿಗೆ ಫ್ರಿಸ್ಕೋದಲ್ಲಿ ಕನ್ನಡದ ಹೆಣ್ಣುಮಕ್ಕಳಿಗೆಂದು ಒಂದು ಟೂರ್ನಮೆಂಟ್ ಇಟ್ಟರು. ಹರೀಶ್ ಮುಂದಾಳು. ಎಲ್ಲ ಊರಿನ ಕನ್ನಡದವರ ಗುಂಪಿಗೂ ವಾಟ್ಸಾಪ್‌ನಲ್ಲಿ ಮೆಸೇಜ್ ಹೋಯಿತು. ಜಾಗ, ಸಮಯ, ಬಿಳಿ ಟೀ ಶರ್ಟ್, ಬಿಸಿಬೇಳೆ ಭಾತ್, ಮೊಸರನ್ನ ಎಲ್ಲ ಬರೆದಿದ್ದರು. ಯಾವ ಆಟ, ಯಾವ ವಯಸ್ಸಿನವರಿಗೆ ಎಂದು ಮಾತ್ರ ಬರೆದಿರಲಿಲ್ಲ. ಫ್ರಿಸ್ಕೋದವರಿಗೆ ಅದು ಫುಟ್‌ಬಾಲ್ ಎಂದು ಗೊತ್ತೇ ಇತ್ತು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನವರು, ಕನ್ನಡದವರ ಟೂರ್ನಮೆಂಟ್ ಎಂದ ಮೇಲೆ ಕ್ರಿಕೆಟ್ ಅಲ್ಲದೆ ಇನ್ನೇನು ಎಂದುಕೊಂಡರು. ಬೆಳಗಾಗುವ ಮುಂಚೆ ಹೊರಟು, ಅಷ್ಟುದ್ದ ಹೈವೇ ಹಿಡಿದು, ಬ್ಯಾಟು ಪ್ಯಾಡು ಸ್ಟಂಪು ಸಮೇತ ಮಕ್ಕಳನ್ನು ತಂದು ಇಳಿಸಿದರು. ಬಿಳಿ ಪ್ಯಾಂಟು ಹಾಕಿದ ಪುಟ್ಟ ಹುಡುಗಿಯರು ಗೋಲು ಕಂಬ ನೋಡುತ್ತ ನಿಂತರು. ಇಷ್ಟು ವರ್ಷ ಮ್ಯಾಕ್ ಹೇಳಿದ್ದನ್ನು ನಾನು ಆ ಬೆಳಿಗ್ಗೆ ನಂಬಿದೆ.

ನಾನು ಹರೀಶ್ ಬಳಿ ಹೋಗಿ, ಮಕ್ಕಳನ್ನು ಬೆರೆಸಿ ಎರಡು ತಂಡ ಮಾಡಿ ಆಡಿಸೋಣ ಎಂದೆ.

"ಬೇಡ ಅಂಕಲ್, ಫಿಕ್ಸ್ಚರ್ ಹಾಕಾಗಿದೆ."

"ಅವು ಒಂಬತ್ತು ಹತ್ತು ವರ್ಷದ ಮಕ್ಕಳು. ಕ್ರಿಕೆಟ್‌ಗೆ ಬಂದಿವೆ."

"ಅವತ್ತು ಆ ಸ್ಕಾಟ್ಲೆಂಡ್ ಹುಡುಗನ ಎದುರಿಗಿದ್ದೋರೂ ಕ್ರಿಕೆಟ್‌ನೋರೇ ಅಲ್ವಾ? ನೀವೇ ಹೇಳಿದ್ದು," ಎಂದರು ಹರೀಶ್. ಮುಖದಲ್ಲಿ ನಗು ಇರಲಿಲ್ಲ. "ನೂರು ವರ್ಷದ ರೆಕಾರ್ಡ್ ಮುರಿದಳು ಅಂತ ಅಪ್ಲಿಕೇಶನ್‌ನಲ್ಲಿ ಬರೀಬಹುದು. ಆಮೇಲೆ ಅವಳು ಎಷ್ಟು ಬೇಕಾದ್ರೂ ಆಡ್ಕೊಳ್ಳಿ, ನಾನು ಬೇಡ ಅನ್ನಲ್ಲ."

ಆ ಕಡೆ ಸೀಡರ್ ಪಾರ್ಕ್‌ನ ಅಪ್ಪಂದಿರೂ ಕಡಿಮೆಯೇನಲ್ಲ. ಇಷ್ಟು ದೂರ ಬಂದು ಆಡದೆ ಹೋಗುವುದೇ ಎಂದು ಮಕ್ಕಳನ್ನು ಮೈದಾನಕ್ಕೆ ದೂಡಿದರು. ವಿಕೆಟ್‌ಕೀಪರ್ ಹುಡುಗಿಯನ್ನು ಗೋಲಿನಲ್ಲಿ ನಿಲ್ಲಿಸಿದರು, ಎರಡೂ ಹಿಡಿಯುವ ಕೆಲಸವೇ ತಾನೆ ಎಂದು. ಅವಳು ದೊಡ್ಡ ವಿಕೆಟ್‌ಕೀಪಿಂಗ್ ಗ್ಲೌಸ್ ಹಾಕಿಕೊಂಡೇ ಬಂದು ನನ್ನನ್ನು ಕೇಳಿದಳು, "ಅಂಕಲ್, ಕ್ಯಾನ್ ಐ ವೇರ್ ಮೈ ಪ್ಯಾಡ್ಸ್ ಟೂ?" ಹಾಕಿಕೋ ಎಂದೆ. ನನ್ನಿಂದ ಇನ್ನೇನೂ ಆಗುವಂತಿರಲಿಲ್ಲ.

ಅನಘಾ ಗೋಲು ಹೊಡೆಯಲು ಶುರು ಮಾಡಿದಳು. ಅವಳಿಗೆ ಗೊತ್ತಿತ್ತು ಏನು ಪಣಕ್ಕಿದೆ ಎಂದು. ಪ್ರತಿ ಗೋಲಿಗೂ ಹರೀಶ್ ಗಟ್ಟಿಯಾಗಿ ಲೆಕ್ಕ ಹೇಳುತ್ತಿದ್ದರು. ಕೋಡುಬಳೆ ಡಬ್ಬ ಅವರ ಮುಂದೆ ಹಿಡಿದರೆ ಕೈಯಲ್ಲೇ ತಳ್ಳಿದರು. ಅರ್ಧ ಆಟ ಮುಗಿಯುವ ಹೊತ್ತಿಗೆ ಡಜನ್ ಹತ್ತಿರಕ್ಕೆ ಬಂದಿತ್ತು. ಅನಘಾ ನನ್ನ ಬಳಿ ಬಂದು ನೀರು ಕುಡಿದಳು. ಮುಖದಲ್ಲಿ ಖುಷಿ ಎನ್ನುವುದು ಒಂಚೂರೂ ಇರಲಿಲ್ಲ.

"ಕೋಚ್ ಅಂಕಲ್, ಆ ಸ್ಟೋರೀಲಿ ಗೋಲ್‌ಕೀಪರ್ ಯಾರು?"

"ಯಾವ ಗೋಲ್‌ಕೀಪರ್?"

"ದಿ ಅದರ್ ಟೀಮ್. ಹೂ ವಾಸ್ ಇಟ್?"

ಅಷ್ಟು ವರ್ಷ ಆ ಕಥೆ ಕೇಳಿದ್ದೆ, ಹೇಳಿದ್ದೆ, ಇದು ನನಗೆ ಹೊಳೆದಿರಲಿಲ್ಲ. ಹ್ಯೂಸ್ಟನ್ನಿನಲ್ಲಿ ನಿವೃತ್ತರಾಗಿ ಕೂತಿದ್ದ ಮ್ಯಾಕ್ ಅವರಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. ಅವರು ಪ್ರಶ್ನೆಯನ್ನು ಇನ್ನೊಂದು ಸಲ ಹೇಳಿಸಿ ಕೇಳಿದರು. ಆಮೇಲೆ, ಇಷ್ಟು ವರ್ಷದಲ್ಲಿ ಯಾವ ಮಗುವೂ ಇದನ್ನು ಕೇಳಿರಲಿಲ್ಲ, ನನಗೆ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂಬ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅನಘಾಗೆ ಹಾಗೇ ಹೇಳಿದೆ. ಅವಳು ಬಾಟಲಿ ಮುಚ್ಚಿಟ್ಟು ಮೈದಾನಕ್ಕೆ ಹೋದಳು.

ಉಳಿದ ಅರ್ಧದಲ್ಲಿ ಇನ್ನೂ ಹೊಡೆದಳು. "ಇನ್ನೊಂದು ಹೊಡೆದ್ರೆ ಸಮ, ಎರಡು ಹೊಡೆದ್ರೆ ಮುಗೀತು," ಎಂದು ಹರೀಶ್ ಕುರ್ಚಿಯಿಂದ ಎದ್ದು ನಿಂತರು. ಚೆಂಡು ಮತ್ತೆ ಅನಘಾಳ ಕಾಲಿಗೆ ಸಿಕ್ಕಿತು. ಎದುರಿಗೆ ಒಬ್ಬರೂ ಇರಲಿಲ್ಲ, ಗೋಲಿನಲ್ಲಿ ಆ ಪುಟ್ಟ ಹುಡುಗಿ ಮಾತ್ರ. ಅವಳು ಆಗಲೇ ಅತ್ತು ಮುಗಿಸಿ, ಪ್ಯಾಡು ಕಟ್ಟಿದ ಕಾಲು ಬಗ್ಗಿಸಿ, ಗ್ಲೌಸ್ ಜೋಡಿಸಿ, ಸ್ಟಂಪ್ ಹಿಂದೆ ಕೂರುವಂತೆ ಕೂತಿದ್ದಳು. ಅನಘಾ ಅವಳ ಮುಂದೆ ಹೋಗಿ ಚೆಂಡಿನ ಮೇಲೆ ಕಾಲಿಟ್ಟು ನಿಂತಳು.

"ವಾಟ್ಸ್ ಯುವರ್ ನೇಮ್?"

"ಸಿಂಚನಾ."

ಅನಘಾ ಚೆಂಡನ್ನು ಮೆಲ್ಲಗೆ ಅವಳ ಕಡೆ ಉರುಳಿಸಿದಳು. ಸಿಂಚನಾ ಅದನ್ನು ಎರಡೂ ಗ್ಲೌಸಿನಲ್ಲಿ ಬಾಚಿಕೊಂಡು, ಅಭ್ಯಾಸಬಲದಿಂದ ಮೇಲಕ್ಕೆತ್ತಿ ರೆಫರಿಯನ್ನೇ ಅಂಪೈರ್ ಎಂದುಕೊಂಡು ಔಟ್ ಕೇಳಿದಳು. ಸೀಡರ್ ಪಾರ್ಕ್‌ನವರು ಚಪ್ಪಾಳೆ ಹೊಡೆದರು. ಅನಘಾ ತನ್ನ ಜೆರ್ಸಿಯನ್ನು ಒಳಹೊರಗು ಮಾಡಿ ಹಾಕಿಕೊಂಡು ಆ ಗೋಲಿನ ಮುಂದೆಯೇ ನಿಂತು, ಕೊನೆಯವರೆಗೂ ನಮ್ಮವರ ಚೆಂಡನ್ನೆಲ್ಲ ತಡೆದಳು. ರೆಫರಿಯಾಗಿ ನಿಂತಿದ್ದ ಯಾರದೋ ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

"ಇದು ನೀವು ಹೇಳಿಕೊಟ್ಟಿದ್ದಾ?" ಹರೀಶ್ ಪಾರ್ಕಿಂಗ್‌ನಲ್ಲಿ ಕೇಳಿದರು.

"ನನಗೆ ಅಷ್ಟು ಬುದ್ಧಿ ಇದ್ದಿದ್ರೆ ಮ್ಯಾಚೇ ಆಡಿಸ್ತಿರಲಿಲ್ಲ."

"ನಾನು ಹೇಳಿದ್ದು ಹೇಳಿದ್ದೇ ಅಂಕಲ್. ಅವಳಿಗೂ ಗೊತ್ತು."

ಮಾತಿಗೆ ತಪ್ಪದ ಮನುಷ್ಯ. ಮುಂದಿನ ವಾರ ಅನಘಾ ಬರಲಿಲ್ಲ. ಅವಳ ಅಮ್ಮ ಜೆರ್ಸಿ ಒಗೆದು ಇಸ್ತ್ರಿ ಮಾಡಿ ತಂದುಕೊಟ್ಟರು. ನಾನು ಅದನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು ಅತ್ತೆ. ಎರಡು ಸಲ ಅವರ ಮನೆಗೂ ಹೋದೆ. ಹರೀಶ್ ಕಾಫಿ ಕೊಟ್ಟು, ಮಗಳ ಮಾರ್ಕ್ಸ್ ಹೇಳಿ ಕಳಿಸಿದರು. ಮಹಡಿಯ ಮೇಲೆ ಗೋಡೆಗೆ ಚೆಂಡು ತಾಗುವ ಸದ್ದು ಕೇಳುತ್ತಿತ್ತು. ಅದು ಕೇಳಿಸದವರಂತೆ ಅವರು ಹೇಗಿದ್ದರೋ ತಿಳಿಯದು.

ಗ್ರೇಸಿಗೆ ಮತ್ತೆ ವರ್ಗವಾಗಿ ನಾವು ಸೀಡರ್ ಪಾರ್ಕ್‌ಗೆ ಬಂದೆವು. ಅಲ್ಲಿ ಕ್ಲಬ್ಬಿಗೆ ಸೇರಲು ಬಂದವರಲ್ಲಿ ಸಿಂಚನಾ ಇದ್ದಳು, ವಿಕೆಟ್‌ಕೀಪಿಂಗ್ ಗ್ಲೌಸ್ ಸಮೇತ. ಅದನ್ನು ಬಿಡಿಸಲು ಒಂದು ಸೀಸನ್ ಬೇಕಾಯಿತು. ಅವಳು ಒಳ್ಳೆಯ ಗೋಲ್‌ಕೀಪರ್ ಆದಳು, ಚೆಂಡಿಗೆ ಹೆದರುವುದೇ ಇಲ್ಲ.

ಅಷ್ಟರಲ್ಲಿ ಅನಘಾ ಆಸ್ಟಿನ್‌ನ ಕಾಲೇಜಿಗೆ ಆಯ್ಕೆಯಾದಳು. ಅಪ್ಲಿಕೇಶನ್ನಿನ ಪ್ರಬಂಧದಲ್ಲಿ ಅವಳು ಬರೆದದ್ದು ತಾನು ಹೊಡೆಯದೆ ಬಿಟ್ಟ ಗೋಲಿನ ಬಗ್ಗೆ. ಹರೀಶ್ ಅದನ್ನು ಓದಿದ್ದೇ ತಡ, ದೇವಸ್ಥಾನದಲ್ಲಿ, ಅಂಗಡಿಯಲ್ಲಿ, ಸಿಕ್ಕ ಅಪ್ಪಂದಿರಿಗೆಲ್ಲ ಹೇಳಿಕೊಂಡು ಬಂದರು. ಮುಂದಿನ ದೀಪಾವಳಿ ಟೂರ್ನಮೆಂಟ್‌ಗೆ ನನ್ನನ್ನು ಅತಿಥಿಯಾಗಿ ಕರೆದರು. ನಾನು ಅಲ್ಲಿ ಕಂಡದ್ದನ್ನು ಹೊಸಬರು ನಂಬಲಿಕ್ಕಿಲ್ಲ. ಮೂರು ತಂಡಗಳ ಫಾರ್ವರ್ಡ್ ಹುಡುಗಿಯರು ಗೋಲಿನ ಮುಂದೆ ಹೋಗಿ ಹೋಗಿ ನಿಂತುಬಿಡುತ್ತಿದ್ದರು. ಹೊರಗಿನಿಂದ ಅಪ್ಪಂದಿರು, "ಸ್ಟಾಪ್ ಪುಟ್ಟಾ, ಸಾಕು, ಹೆಸರು ಕೇಳು, ಹೆಸರು ಕೇಳು," ಎಂದು ಕೂಗುತ್ತಿದ್ದರು. ಟ್ರೈಪಾಡ್‌ಗಳೆಲ್ಲ ಅತ್ತ ತಿರುಗಿದ್ದವು. ಕಾದು ಕಾದು ಸಾಕಾದ ಒಬ್ಬ ಗೋಲ್‌ಕೀಪರ್ ಹುಡುಗಿ, "ಜಸ್ಟ್ ಶೂಟ್," ಎಂದು ಕಾಲು ಅಪ್ಪಳಿಸಿದಳು. ನಾನು ಊಟಕ್ಕೂ ನಿಲ್ಲದೆ ವಾಪಸ್ ಡ್ರೈವ್ ಮಾಡಿದೆ. ಆ ವರ್ಷವೇ ಕೆಲಸ ಬಿಡುವುದೆಂದು ದಾರಿಯಲ್ಲಿ ನಿರ್ಧರಿಸಿದೆ.

ಕೆಲಸದ ಕೊನೆಯ ಸಂಜೆ ಅಭ್ಯಾಸ ಮುಗಿದು ಸಿಂಚನಾ ಒಬ್ಬಳು ಉಳಿದಿದ್ದಳು, ಅಮ್ಮನ ಕಾರಿಗೆ ಕಾಯುತ್ತ. ಹುಲ್ಲು ಕತ್ತರಿಸುವವರು ಗೋಲಿನ ಬಲೆಗಳನ್ನು ಬಿಚ್ಚಿಕೊಂಡು ಹೋಗಿದ್ದರು. ಆಗ ಒಂದು ಕಾರು ಬಂದು ನಿಂತಿತು. ಅನಘಾ ಇಳಿದಳು, ಕಾಲಲ್ಲಿ ಫುಟ್‌ಬಾಲ್ ಬೂಟು ಇತ್ತು. ಮಗಳನ್ನು ನೋಡಲು ಫ್ರಿಸ್ಕೋದಿಂದ ಬಂದಿದ್ದ ಹರೀಶ್ ಆಫೀಸಿನ ಶೂನಲ್ಲೇ ಹಿಂದೆ ಬಂದು ಟ್ರೈಪಾಡ್ ಬಿಚ್ಚತೊಡಗಿದರು.

"ಪಪ್ಪಾ, ಪುಟ್ ಇಟ್ ಅವೇ," ಎಂದಳು ಅನಘಾ.

ಅವರು ಅದನ್ನು ಕಾರಿಗೆ ಇಟ್ಟು ಬಂದರು. ಏನು ಮಾಡಬೇಕೆಂದು ತಿಳಿಯದೆ ಗೋಲಿನ ಹಿಂದೆ ಹೋಗಿ ನಿಂತರು.

ಅನಘಾ ಹೊಡೆಯಲು ಶುರು ಮಾಡಿದಳು. ಅಷ್ಟು ವರ್ಷ ಮಹಡಿಯ ಗೋಡೆಗೆ ಹೊಡೆದದ್ದೆಲ್ಲ ಆ ಕಾಲಿನಲ್ಲಿತ್ತು. ಸಿಂಚನಾ ಕೆಲವನ್ನು ಹಾರಿ ಹಿಡಿದಳು, ಕೆಲವು ಅವಳನ್ನು ದಾಟಿ ಹೋದವು. ಬಲೆ ಇಲ್ಲದ್ದರಿಂದ ಚೆಂಡು ಬೇಲಿಯವರೆಗೂ ಉರುಳುತ್ತಿತ್ತು. ಮೊದಲನೆಯದನ್ನು ತರಲು ಹರೀಶ್ ನಡೆದು ಹೋದರು. ಆಮೇಲೆ ಓಡತೊಡಗಿದರು. ಇಬ್ಬರು ಹುಡುಗಿಯರೂ ನಗುತ್ತಿದ್ದರು, ಅನಘಾ ನಕ್ಕಿದ್ದನ್ನು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಒಂದು ಸಲ ಹರೀಶ್ ಚೆಂಡು ಎದೆಗೆ ಹಿಡಿದು, ಅಂಗಿಯೆಲ್ಲ ಒದ್ದೆಯಾಗಿ, ನನ್ನ ಪಕ್ಕ ನಿಂತು ಉಸಿರು ತಗೊಂಡರು.

"ಎಷ್ಟಾಯ್ತು ಕೋಚ್ ಅಂಕಲ್?"

"ನಾನು ಎಣಿಸಲಿಲ್ಲ."

"ನಂಗೂ ಓಡೋದ್ರಲ್ಲಿ ತಪ್ಪೋಯ್ತು," ಎಂದು ಅವರು ಚೆಂಡನ್ನು ಮಗಳ ಕಡೆ ಎಸೆದರು. ಅವಳು ಮತ್ತೆ ಹೊಡೆದಳು, ಅವರು ಮತ್ತೆ ಬೇಲಿಯ ಕಡೆಗೆ ಓಡಿದರು.